ಜೇಡಿಮಣ್ಣು ಆಧಾರಿತ ಘನ ಕ್ರಿಯಾವರ್ಧಕಗಳ ಮೂಲಕ ಜೈವಿಕ ಡೀಸೆಲ್ ತಯಾರಿಕೆ: ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಹೊಂಗೆ, ಬೇವು ಮುಂತಾದ ಮರಗಳ ಬೀಜ ಸಂಗ್ರಹಿಸುವ ರೈತರು, ಸ್ವಸಹಾಯ ಸಂಘಗಳ ಸದಸ್ಯರು, ಎಣ್ಣೆ ಗಿರಣಿಗಳ ಮಾಲೀಕರು ಹಾಗೂ ಸಣ್ಣ ಪ್ರಮಾಣದ ಜೈವಿಕ ಡೀಸೆಲ್ ಘಟಕ ಸ್ಥಾಪಿಸಲು ಅನುಮತಿ, ಸಾಲ ಅಥವಾ ತಾಂತ್ರಿಕ ಸಲಹೆ ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಕಾಸ್ಟಿಕ್ ಸೋಡಾದ ಬದಲಿಗೆ ಜೇಡಿಮಣ್ಣಿನ ಮೇಲೆ ನೆಲೆಗೊಳಿಸಿದ ಘನ ಕ್ರಿಯಾವರ್ಧಕವನ್ನು ಬಳಸಿದಲ್ಲಿ ಯಾವ ಎಣ್ಣೆಯಿಂದಲಾದರೂ ಡೀಸೆಲ್ ತಯಾರಿಸಬಹುದು, ತೊಳೆಯಲು ನೀರೇ ಬೇಕಾಗುವುದಿಲ್ಲ, ಒಮ್ಮೆ ಕೊಂಡ ಕ್ರಿಯಾವರ್ಧಕವು ವರ್ಷಗಟ್ಟಲೆ ಬಾಳುತ್ತದೆ ಎಂಬ ಮಾತುಗಳು ಘಟಕ ಸ್ಥಾಪಿಸಬಯಸುವವರ ಕಿವಿಗೆ ಬೀಳುತ್ತಿರುತ್ತವೆ. ಈ ಮಾತುಗಳಲ್ಲಿ ನಿಜಾಂಶವಿದೆ. ಆದರೆ ಪೂರ್ಣ ನಿಜವಲ್ಲ. ಸಾಲ ಪಡೆದು ಯಂತ್ರ ಕೊಳ್ಳುವ ಮುನ್ನ ಯಾವುದು ಎಷ್ಟು ನಿಜ ಎಂಬುದನ್ನು ಅರಿತಿರುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯಕ.

ಹಿನ್ನೆಲೆ

ಸಸ್ಯಜನ್ಯ ಎಣ್ಣೆಯಿಂದ ಎಂಜಿನ್ ನಡೆಸುವ ಪ್ರಯತ್ನ ಹೊಸದಲ್ಲ. 1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಸೂತ್ರ' ಯೋಜನೆಯಡಿ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ ಕೊಳವೆ ಬಾವಿಯ ನೀರನ್ನು ಮೇಲೆತ್ತಲಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಜಾರಿಗೆ ಬಂದಿತು. 2010ರಲ್ಲಿ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿಯು ರಚನೆಗೊಂಡು, 'ಹಸಿರು ಹೊನ್ನು' ಮತ್ತು 'ಬರಡು ಬಂಗಾರ' ಎಂಬ ಹೆಸರುಗಳಲ್ಲಿ ಎಣ್ಣೆಬೀಜದ ಮರಗಳನ್ನು ಬೆಳೆಸುವ ಕಾರ್ಯಕ್ರಮಗಳನ್ನು ಕೈಗೊಂಡಿತು. ಕೇಂದ್ರ ಸರ್ಕಾರದ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ವೇಳೆಗೆ ಡೀಸೆಲ್‌ನಲ್ಲಿ ಶೇಕಡಾ 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯನ್ನು ಸೂಚಿಸಿದೆ.

ಇದೇ ಅವಧಿಯಲ್ಲಿ ಜಟ್ರೋಫಾ ಬೆಳೆಯ ಬಗ್ಗೆ ಎದ್ದ ಭಾರೀ ನಿರೀಕ್ಷೆಯೂ ಅದು ಹುಸಿಯಾದ ಬಗೆಯೂ ರೈತರಿಗೆ ತಿಳಿದ ಸಂಗತಿಯೇ ಆಗಿದೆ. ಒಣ ಭೂಮಿಯಲ್ಲಿ ನೀರು-ಗೊಬ್ಬರವಿಲ್ಲದೆ ಅದು ನಿರೀಕ್ಷಿತ ಇಳುವರಿ ನೀಡಲಿಲ್ಲ. ಹೊಂಗೆಯ ವಿಷಯ ಬೇರೆ. ಈ ಭಾಗದಲ್ಲಿ ಹುಲಗಲ ಎಂದೂ ಕರೆಯಲಾಗುವ ಈ ಮರವು ಹೊಲದ ಬದು, ಹಳ್ಳದ ದಂಡೆ ಮತ್ತು ರಸ್ತೆಬದಿಗಳಲ್ಲಿ ಮೊದಲಿನಿಂದಲೂ ಇದೆ. ಅದಕ್ಕಾಗಿ ಬೆಳೆಯ ಭೂಮಿಯನ್ನು ಬಿಟ್ಟುಕೊಡಬೇಕಾಗಿಲ್ಲ.

ಎಣ್ಣೆಯು ಡೀಸೆಲ್ ಆಗುವ ಬಗೆ

ಹೊಂಗೆ ಎಣ್ಣೆಯು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದವಾಗಿರುತ್ತದೆ. ಅದನ್ನು ಹಾಗೆಯೇ ಪಂಪ್‌ಸೆಟ್ಟಿಗೆ ಸುರಿದರೆ ಎಂಜಿನ್ ಕೆಲಕಾಲ ನಡೆಯುವುದಾದರೂ, ಇಂಧನ ಸಿಂಪಡಿಸುವ ನಳಿಕೆಯಲ್ಲಿ ಮಸಿ ಕಟ್ಟಿ, ಉರಿಯದೆ ಉಳಿದ ಎಣ್ಣೆಯು ಎಂಜಿನ್ ಆಯಿಲ್‌ಗೆ ಇಳಿದು, ಕಾಲಕ್ರಮೇಣ ದುರಸ್ತಿಯ ಖರ್ಚು ಉಳಿತಾಯವನ್ನು ನುಂಗುತ್ತದೆ. ಆದುದರಿಂದ ಎಣ್ಣೆಯ ಮಂದತೆಯನ್ನು ಇಳಿಸಬೇಕಾಗುತ್ತದೆ.

ಎಣ್ಣೆಯ ಪ್ರತಿಯೊಂದು ಅಣುವಿನಲ್ಲಿ ಒಂದು ಗ್ಲಿಸರಿನ್ ಭಾಗಕ್ಕೆ ಮೂರು ಉದ್ದನೆಯ ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಮೆಥನಾಲ್ ಎಂಬ ಮದ್ಯಸಾರವನ್ನು ಸೇರಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಲಕಿದಾಗ, ಕೊಬ್ಬಿನಾಮ್ಲಗಳು ಗ್ಲಿಸರಿನ್ ಅನ್ನು ಬಿಟ್ಟು ಮೆಥನಾಲ್ ಜೊತೆ ಕೂಡಿಕೊಳ್ಳುತ್ತವೆ. ಹೀಗೆ ಉಂಟಾದ ತೆಳುವಾದ ದ್ರವವೇ ಜೈವಿಕ ಡೀಸೆಲ್. ಸ್ಥೂಲವಾಗಿ 100 ಕಿಲೋ ಎಣ್ಣೆಗೆ 11 ಕಿಲೋ ಮೆಥನಾಲ್ ವ್ಯಯವಾಗಿ, 100 ಕಿಲೋ ಜೈವಿಕ ಡೀಸೆಲ್ ಮತ್ತು 10ರಿಂದ 11 ಕಿಲೋ ಗ್ಲಿಸರಿನ್ ದೊರೆಯುತ್ತವೆ. ಗ್ಲಿಸರಿನ್ ಭಾರವಾದುದರಿಂದ ತಳಕ್ಕೆ ಇಳಿಯುತ್ತದೆ.

ಈ ಕ್ರಿಯೆಯು ತಾನಾಗಿಯೇ ನಡೆಯಲು ಬಿಟ್ಟರೆ ಬಹಳ ಕಾಲ ಹಿಡಿಯುತ್ತದೆ. ಅದನ್ನು ಚುರುಕುಗೊಳಿಸಿಯೂ ತಾನು ಕ್ರಿಯೆಯಲ್ಲಿ ವ್ಯಯವಾಗದ ವಸ್ತುವಿಗೆ ಕ್ರಿಯಾವರ್ಧಕವೆಂದು ಹೆಸರು. ಸಣ್ಣ ಘಟಕಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಕಾಸ್ಟಿಕ್ ಸೋಡಾ ಅಥವಾ ಕಾಸ್ಟಿಕ್ ಪೊಟ್ಯಾಷ್. ಎಣ್ಣೆಯ ತೂಕದ ಶೇಕಡಾ 1ರಷ್ಟನ್ನು ಮೆಥನಾಲ್‌ನಲ್ಲಿ ಕರಗಿಸಿ ಸೇರಿಸಿದರೆ ಒಂದು-ಒಂದೂವರೆ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಇದು ಅಗ್ಗವೂ ಹೌದು, ವೇಗವೂ ಹೌದು. ತೊಡಕು ಇರುವುದು ಅದು ಕರಗಿಹೋಗುವುದರಲ್ಲಿ.

ಸಾಬೂನು ಮತ್ತು ತೊಳೆದ ನೀರು

ಕರಗಿದ ಕಾಸ್ಟಿಕ್ ಸೋಡಾ ಇಂಧನದಲ್ಲಿಯೂ ಗ್ಲಿಸರಿನ್‌ನಲ್ಲಿಯೂ ಉಳಿದುಬಿಡುತ್ತದೆ. ಅದನ್ನು ತೆಗೆಯಲು ಇಂಧನವನ್ನು ಬೆಚ್ಚನೆಯ ನೀರಿನಿಂದ ಎರಡು-ಮೂರು ಬಾರಿ ತೊಳೆಯಬೇಕು. ಇದರಿಂದ ತಯಾರಾದ ಇಂಧನದಷ್ಟೇ, ಅನೇಕ ವೇಳೆ ಅದಕ್ಕಿಂತಲೂ ಹೆಚ್ಚಿನ ಪ್ರಮಾಣದ ಕ್ಷಾರಯುಕ್ತ, ಸಾಬೂನು ಮಿಶ್ರಿತ, ಮೆಥನಾಲ್ ಅಂಶವುಳ್ಳ ನೀರು ಹೊರಬೀಳುತ್ತದೆ. ಹಾನಗಲ್ಲ ಮತ್ತು ಹಿರೇಕೆರೂರು ಭಾಗಗಳು ಕೆರೆಗಳ ನಾಡು. ಗದ್ದೆ, ತೋಟ, ದನಕರುಗಳೆಲ್ಲವೂ ಕೆರೆಯ ನೀರನ್ನೇ ನೆಚ್ಚಿವೆ. ಸವಣೂರಿನ ಕಡೆ ಬೇಸಿಗೆಯಲ್ಲಿ ನೀರೇ ದುರ್ಲಭ. ಒಂದೆಡೆ ಈ ಕೊಳೆನೀರನ್ನು ಬಿಡಲು ಜಾಗವಿಲ್ಲ, ಇನ್ನೊಂದೆಡೆ ತೊಳೆಯಲು ನೀರಿಲ್ಲ. ಸಂಸ್ಕರಿಸದ ನೀರನ್ನು ಕೆರೆ, ಹಳ್ಳ ಅಥವಾ ಚರಂಡಿಗೆ ಬಿಡುವುದು 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯಡಿ ಅಪರಾಧವಾಗಿರುತ್ತದೆ.

ಇನ್ನೂ ದೊಡ್ಡ ತೊಡಕು ಎಣ್ಣೆಯ ಹುಳಿಯಿಂದ ಉಂಟಾಗುವುದು. ಬೀಜ ಅಥವಾ ಎಣ್ಣೆ ಹಳತಾದಂತೆ, ತೇವಾಂಶ ತಗುಲಿದಂತೆ, ಕೊಬ್ಬಿನಾಮ್ಲಗಳು ಗ್ಲಿಸರಿನ್‌ನಿಂದ ಬಿಡಿಸಿಕೊಂಡು ಪ್ರತ್ಯೇಕವಾಗುತ್ತವೆ. ಇವುಗಳನ್ನು ಮುಕ್ತ ಕೊಬ್ಬಿನಾಮ್ಲಗಳೆನ್ನುತ್ತಾರೆ. ಇವು ಕಾಸ್ಟಿಕ್ ಸೋಡಾವನ್ನು ಕಂಡ ಕೂಡಲೇ ಸಾಬೂನಾಗುತ್ತವೆ. ಶೇಕಡಾ 10ರಷ್ಟು ಮುಕ್ತ ಕೊಬ್ಬಿನಾಮ್ಲವಿರುವ 100 ಕಿಲೋ ಹೊಂಗೆ ಎಣ್ಣೆಯನ್ನು ತೆಗೆದುಕೊಂಡರೆ, ಆ ಆಮ್ಲವೊಂದೇ ಸುಮಾರು 1.4 ಕಿಲೋ ಕಾಸ್ಟಿಕ್ ಸೋಡಾವನ್ನು ತಿಂದುಹಾಕಿ ಸುಮಾರು 10.8 ಕಿಲೋ ಸಾಬೂನನ್ನು ಉಂಟುಮಾಡುತ್ತದೆ. ಅಂದರೆ ಕ್ರಿಯೆಗೆಂದು ಹಾಕಿದ 1 ಕಿಲೋ ಕಾಸ್ಟಿಕ್ ಸೋಡಾ ಪೂರ್ತಿಯಾಗಿ ಸಾಬೂನಿನ ಪಾಲಾಗುತ್ತದೆ. ಇಂಧನವೂ ಗ್ಲಿಸರಿನ್ನೂ ಬೇರ್ಪಡದೆ ಪಾತ್ರೆಯ ತುಂಬ ಗಟ್ಟಿ ಗಂಜಿಯಂತಹ ಮಿಶ್ರಣ ಉಳಿಯುತ್ತದೆ. ಮೊದಲ ತಂಡದ ಎಣ್ಣೆ ಹೀಗೆ ಕೆಟ್ಟಾಗ ಘಟಕದವರು ಯಂತ್ರವನ್ನು ದೂರುವುದುಂಟು. ದೋಷ ಯಂತ್ರದ್ದಲ್ಲ.

ಜೇಡಿಮಣ್ಣು ಏಕೆ

ಕ್ರಿಯಾವರ್ಧಕವು ಕರಗದೆ ಘನರೂಪದಲ್ಲಿಯೇ ಉಳಿದರೆ ಅದನ್ನು ಸೋಸಿ ತೆಗೆದು ಮತ್ತೆ ಬಳಸಬಹುದು, ತೊಳೆಯುವ ಕೆಲಸ ಕಡಿಮೆಯಾಗುತ್ತದೆ, ಗ್ಲಿಸರಿನ್ ಸ್ವಚ್ಛವಾಗಿ ದೊರೆತು ಒಳ್ಳೆಯ ಬೆಲೆ ಬರುತ್ತದೆ. ಇದು ಘನ ಕ್ರಿಯಾವರ್ಧಕದ ಹಿಂದಿರುವ ಸರಳ ವಿಚಾರ. ಫ್ರಾನ್ಸ್ ದೇಶದ ಸೆಟ್ ಎಂಬಲ್ಲಿ 2006ರಲ್ಲಿ ಘನ ಕ್ರಿಯಾವರ್ಧಕ ಆಧಾರಿತ ಮೊದಲ ದೊಡ್ಡ ಕಾರ್ಖಾನೆ ಆರಂಭವಾಯಿತು. ಅಲ್ಲಿ ಬಳಸಿದ್ದು ಸತು ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳ ಸಂಯುಕ್ತ. ಅದಕ್ಕೆ ಹೆಚ್ಚಿನ ಉಷ್ಣತೆ ಮತ್ತು ಒತ್ತಡ ಬೇಕಾಗುವುದರಿಂದ ಅಂತಹ ವ್ಯವಸ್ಥೆ ತಾಲ್ಲೂಕು ಮಟ್ಟದ ಘಟಕಕ್ಕೆ ನಿಲುಕುವಂತಹದ್ದಲ್ಲ. ಕಡಿಮೆ ಉಷ್ಣತೆಯಲ್ಲಿ ಕೆಲಸ ಮಾಡುವ, ಅಗ್ಗದ ಮೂಲವಸ್ತುವಿನಿಂದ ತಯಾರಾಗುವ ಕ್ರಿಯಾವರ್ಧಕಕ್ಕಾಗಿ ಸಂಶೋಧಕರು ಜೇಡಿಮಣ್ಣಿನತ್ತ ತಿರುಗಿದ್ದು ಈ ಕಾರಣದಿಂದ.

ಜೇಡಿಮಣ್ಣಿನ ಗುಣವನ್ನು ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಸವಣೂರು ಮತ್ತು ಶಿಗ್ಗಾಂವ ಕಡೆಯ ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಮಸಾರಿ ಭೂಮಿ ಹೀಗೆ ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಗುಂಪಿನ ಜೇಡಿ ಖನಿಜ ಹೇರಳವಾಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಕಯೊಲಿನೈಟ್ ಖನಿಜದ ಪಾಲು ಹೆಚ್ಚು.

ಮಾಂಟ್‌ಮೊರಿಲ್ಲೊನೈಟ್ ಎಂಬುದು ಒಂದರ ಮೇಲೊಂದು ಜೋಡಿಸಿದ ವೀಳ್ಯದೆಲೆಗಳ ಕಟ್ಟಿನಂತೆ ಇರುತ್ತದೆ. ಒಂದೊಂದು ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು ಮಾತ್ರ. ಹಾಳೆಗಳಲ್ಲಿ ಋಣ ವಿದ್ಯುದಂಶವಿರುವುದರಿಂದ ಅವುಗಳ ನಡುವೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದ ಧನ ಅಯಾನುಗಳು ಬಂದು ಕೂರುತ್ತವೆ. ಒಂದನ್ನು ಹೊರದೂಡಿ ಮತ್ತೊಂದು ಕೂರಲೂಬಹುದು. ಹೊಲಕ್ಕೆ ಹಾಕಿದ ಪೊಟ್ಯಾಷ್ ಗೊಬ್ಬರವು ಎರೆ ಭೂಮಿಯಲ್ಲಿ ಮಳೆಗೆ ಸುಲಭವಾಗಿ ಕೊಚ್ಚಿಹೋಗದೆ ನಿಲ್ಲುವುದು ಇದೇ ಗುಣದಿಂದ. 100 ಗ್ರಾಂ ಮಾಂಟ್‌ಮೊರಿಲ್ಲೊನೈಟ್ ಹಿಡಿದಿಡುವ ಇಂತಹ ಅಯಾನುಗಳ ಪ್ರಮಾಣ 80ರಿಂದ 120 ಮಿಲಿ ಸಮತೂಕಗಳಷ್ಟಿದ್ದರೆ, ಕಯೊಲಿನೈಟ್‌ನಲ್ಲಿ ಅದು ಕೇವಲ 3ರಿಂದ 15. ಪೂರ್ಣವಾಗಿ ಬಿಡಿಸಿಟ್ಟಾಗ ಒಂದೇ ಗ್ರಾಂ ಮಾಂಟ್‌ಮೊರಿಲ್ಲೊನೈಟ್‌ನ ಹಾಳೆಗಳ ಒಟ್ಟು ಮೇಲ್ಮೈ 700 ಚದರ ಮೀಟರಿಗೂ ಮೀರುತ್ತದೆ. ಕ್ರಿಯೆಯು ನಡೆಯುವುದು ಮೇಲ್ಮೈಯಲ್ಲಿ. ಆದುದರಿಂದ ಹೆಚ್ಚು ಮೇಲ್ಮೈ ಎಂದರೆ ಹೆಚ್ಚು ಕೆಲಸದ ಜಾಗ.

ಜೇಡಿಯನ್ನು ಕ್ರಿಯಾವರ್ಧಕವಾಗಿ ಬಳಸುವ ಕ್ರಮಕ್ಕೂ ದೀರ್ಘ ಇತಿಹಾಸವಿದೆ. ಆಮ್ಲದಿಂದ ಉಪಚರಿಸಿದ ಜೇಡಿಯ ಸಹಾಯದಿಂದ ಭಾರವಾದ ಪೆಟ್ರೋಲಿಯಂ ಅನ್ನು ಒಡೆದು ಪೆಟ್ರೋಲ್ ಮಾಡುವ ಹೌಡ್ರಿ ವಿಧಾನವು ಅಮೆರಿಕದಲ್ಲಿ 1937ರಲ್ಲಿಯೇ ಪೂರ್ಣ ಪ್ರಮಾಣದ ಕಾರ್ಖಾನೆಯಾಗಿ ನಡೆದಿತ್ತು. ಖಾದ್ಯ ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ಎಣ್ಣೆಯ ಬಣ್ಣ ತೆಗೆಯಲು ಇಂದಿಗೂ ಬಳಸುವುದು ಇದೇ ಬಗೆಯ ಜೇಡಿಯನ್ನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಹೊಲದ ಎರೆಮಣ್ಣಾಗಲಿ, ಕುಂಬಾರರು ಬಳಸುವ ಕೆರೆಯ ಜೇಡಿಯಾಗಲಿ ನೇರವಾಗಿ ಕ್ರಿಯಾವರ್ಧಕವಾಗುವುದಿಲ್ಲ. ಅವುಗಳಲ್ಲಿ ಮರಳು, ಸುಣ್ಣದ ಹರಳು, ಕಬ್ಬಿಣದ ಆಕ್ಸೈಡ್, ಸಾವಯವ ಪದಾರ್ಥ ಎಲ್ಲವೂ ಬೆರೆತಿರುತ್ತವೆ. ಉದ್ಯಮದಲ್ಲಿ ಬಳಸುವ ಬೆಂಟೊನೈಟ್ ಜೇಡಿ ಮುಖ್ಯವಾಗಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಜಿಲ್ಲೆಗಳ ಗಣಿಗಳಿಂದ ಬರುತ್ತದೆ. ಮೇಲ್ಮಣ್ಣನ್ನು ಅಗೆದು ಮಾರುವ ಆಮಿಷಕ್ಕೆ ಯಾರೂ ಒಳಗಾಗಬಾರದು.

ಜೇಡಿಯ ಮೇಲೆ ಕ್ರಿಯಾವರ್ಧಕವನ್ನು ನೆಲೆಗೊಳಿಸುವ ವಿಧಾನ

ಶುದ್ಧೀಕರಿಸಿದ ಜೇಡಿಯನ್ನು ಪುಡಿ ಮಾಡಿ, ಜರಡಿ ಹಿಡಿದು, ಒಣಗಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಪೊಟ್ಯಾಸಿಯಂ ಕಾರ್ಬೊನೇಟ್ ಅಥವಾ ಪೊಟ್ಯಾಸಿಯಂ ಫ್ಲೋರೈಡ್ ದ್ರಾವಣದಲ್ಲಿ ನೆನೆಸಲಾಗುತ್ತದೆ. ನೀರನ್ನು ಆವಿಗೊಳಿಸಿದ ನಂತರ ಸಾಮಾನ್ಯವಾಗಿ 400ರಿಂದ 600 ಡಿಗ್ರಿ ಉಷ್ಣತೆಯ ಕುಲುಮೆಯಲ್ಲಿ ಕೆಲವು ಗಂಟೆಗಳ ಕಾಲ ಸುಡಲಾಗುತ್ತದೆ. ಸುಟ್ಟಾಗ ಪೊಟ್ಯಾಸಿಯಂ ಅಂಶವು ಜೇಡಿಯ ಮೇಲ್ಮೈಗೆ ಭದ್ರವಾಗಿ ಹಿಡಿದುಕೊಂಡು ಪ್ರತ್ಯಾಮ್ಲೀಯ ತಾಣಗಳು ಉಂಟಾಗುತ್ತವೆ. ಸುಣ್ಣದ ಆಕ್ಸೈಡನ್ನು ಜೇಡಿಯೊಂದಿಗೆ ಬೆರೆಸಿ ಸುಡುವ ಕ್ರಮವೂ ಇದೆ. ಕುಲುಮೆಯ ಉಷ್ಣತೆ ಅತಿಯಾದರೆ ಹಾಳೆಗಳ ಕಟ್ಟು ಕುಸಿದು, ಜೇಡಿಯು ಹೆಂಚಿನಂತಾಗಿ ಮೇಲ್ಮೈ ನಷ್ಟವಾಗುತ್ತದೆ. ಕಡಿಮೆಯಾದರೆ ಪೊಟ್ಯಾಸಿಯಂ ನಿಲ್ಲುವುದಿಲ್ಲ.

ಎರಡನೆಯ ಬಗೆಯದು ಆಮ್ಲೀಯ ಜೇಡಿ. ಮಾಂಟ್‌ಮೊರಿಲ್ಲೊನೈಟ್ ಅನ್ನು ಗಂಧಕಾಮ್ಲ ಅಥವಾ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕುದಿಸಿ ತೊಳೆದಾಗ ಅದರ ಮೇಲ್ಮೈಯಲ್ಲಿ ಆಮ್ಲೀಯ ತಾಣಗಳು ಉಂಟಾಗುತ್ತವೆ. 'ಕೆ-10' ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ದೊರೆಯುವ ಜೇಡಿ ಈ ಬಗೆಯದು.

ಇವೆರಡರ ಕೆಲಸ ಒಂದೇ ಅಲ್ಲ ಎಂಬುದನ್ನು ಅರ್ಜಿದಾರರು ಮುಖ್ಯವಾಗಿ ಗಮನಿಸತಕ್ಕದ್ದು. ಪ್ರತ್ಯಾಮ್ಲೀಯ ಜೇಡಿಯು ಎಣ್ಣೆಯನ್ನು ಡೀಸೆಲ್ ಮಾಡುವುದರಲ್ಲಿ ಚುರುಕು. ಆದರೆ ಹುಳಿಯಾದ ಎಣ್ಣೆಯ ಮುಕ್ತ ಆಮ್ಲಗಳು ಅದರ ತಾಣಗಳ ಮೇಲೆ ಕುಳಿತು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದಲೂ ಅದು ಕೆಡುವುದರಿಂದ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಮುಚ್ಚಿಡಬೇಕು. ಆಮ್ಲೀಯ ಜೇಡಿಯು ಮುಕ್ತ ಆಮ್ಲಗಳನ್ನೇ ಮೆಥನಾಲ್ ಜೊತೆ ಕೂಡಿಸಿ ಇಂಧನವಾಗಿ ಪರಿವರ್ತಿಸುತ್ತದೆ, ಸಾಬೂನು ಆಗಗೊಡುವುದಿಲ್ಲ. ಆದರೆ ಉಳಿದ ಎಣ್ಣೆಯ ವಿಷಯದಲ್ಲಿ ಅದು ಬಹಳ ನಿಧಾನ. ಆದ್ದರಿಂದ ಹುಳಿ ಎಣ್ಣೆಗೆ ಮೊದಲು ಆಮ್ಲೀಯ ಜೇಡಿ, ಆಮೇಲೆ ನೀರಿನಂಶ ತೆಗೆದು ಪ್ರತ್ಯಾಮ್ಲೀಯ ಜೇಡಿ, ಹೀಗೆ ಎರಡು ಹಂತಗಳು ಬೇಕಾಗುತ್ತವೆ. ಒಂದೇ ಪುಡಿಯಿಂದ ಎಲ್ಲ ಎಣ್ಣೆಯೂ ಡೀಸೆಲ್ ಆಗುತ್ತದೆ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು.

ವೇಗದಲ್ಲಿಯೂ ವ್ಯತ್ಯಾಸವಿದೆ. ಎಣ್ಣೆ, ಮೆಥನಾಲ್ ಮತ್ತು ಘನ ಪುಡಿ ಒಂದಕ್ಕೊಂದು ಬೆರೆಯದ ಮೂರು ವಸ್ತುಗಳು. ಎಣ್ಣೆಯ ದೊಡ್ಡ ಅಣುಗಳು ಜೇಡಿಯ ಸೂಕ್ಷ್ಮ ರಂಧ್ರಗಳೊಳಗೆ ನುಸುಳಿ ಹೊರಬರಲು ಸಮಯ ಹಿಡಿಯುತ್ತದೆ. ಆದಕಾರಣ ಘನ ಕ್ರಿಯಾವರ್ಧಕದೊಂದಿಗೆ ಹೆಚ್ಚು ಹೊತ್ತು ಕಲಕಬೇಕು, ಮೆಥನಾಲ್ ಕೂಡ ಸಾಮಾನ್ಯ ವಿಧಾನದ ಸುಮಾರು ಎರಡರಷ್ಟು ಹಾಕಬೇಕಾಗುತ್ತದೆ. ಮಿಕ್ಕುವ ಮೆಥನಾಲ್ ಅನ್ನು ಬಟ್ಟಿಯಿಳಿಸಿ ಮರಳಿ ಪಡೆಯುವ ಉಪಕರಣವಿಲ್ಲದ ಘಟಕವು ಈ ವಿಧಾನದಲ್ಲಿ ನಷ್ಟ ಅನುಭವಿಸುವುದು ಬಹುತೇಕ ಖಚಿತ. ಯಂತ್ರದ ದರಪಟ್ಟಿಯಲ್ಲಿ ಈ ಉಪಕರಣ ಸೇರಿದೆಯೇ ಎಂಬುದನ್ನು ಮೊದಲು ನೋಡುವುದು ಲೇಸು.

ಸೋರಿಕೆಯ ಪ್ರಶ್ನೆ

ಜೇಡಿಯ ಮೇಲಿನ ಪೊಟ್ಯಾಸಿಯಂ ಎಷ್ಟು ಭದ್ರವಾಗಿ ನಿಲ್ಲುತ್ತದೆ ಎಂಬುದೇ ಈ ತಂತ್ರಜ್ಞಾನದ ಮುಖ್ಯ ಪರೀಕ್ಷೆ. ಬಿಸಿ ಮೆಥನಾಲ್‌ನಲ್ಲಿ ಅದು ಸ್ವಲ್ಪ ಸ್ವಲ್ಪವೇ ಕರಗಿ ಹೊರಬರಬಹುದು. ಹೀಗಾದಾಗ ನೋಡುವವರಿಗೆ ಘನ ಕ್ರಿಯಾವರ್ಧಕ ಕೆಲಸ ಮಾಡುತ್ತಿರುವಂತೆ ತೋರಿದರೂ, ವಾಸ್ತವವಾಗಿ ಕೆಲಸ ಮಾಡುವುದು ಕರಗಿಹೋದ ಪೊಟ್ಯಾಸಿಯಂ. ನಾಲ್ಕೈದು ಬಾರಿ ಬಳಸುವಷ್ಟರಲ್ಲಿ ಪುಡಿಯ ಶಕ್ತಿ ಕುಂದಿ, ಬರಿಯ ಜೇಡಿ ಉಳಿಯುತ್ತದೆ.

ಜೈವಿಕ ಡೀಸೆಲ್‌ಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 15607ರ ಪ್ರಕಾರ ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಸೇರಿ ಒಂದು ಕಿಲೋ ಇಂಧನದಲ್ಲಿ 5 ಮಿಲಿಗ್ರಾಂ ಮೀರುವಂತಿಲ್ಲ; ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿಯೂ ಅಷ್ಟೇ ಮಿತಿ. ಈ ಮಿತಿ ಎಷ್ಟು ಬಿಗಿಯಾದುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 100 ಕಿಲೋ ಎಣ್ಣೆಗೆ 3 ಕಿಲೋ ಕ್ರಿಯಾವರ್ಧಕ ಹಾಕಲಾಗಿದೆ, ಅದರಲ್ಲಿ ಹತ್ತನೇ ಒಂದು ಭಾಗ ಪೊಟ್ಯಾಸಿಯಂ ಇದೆ ಎಂದಿಟ್ಟುಕೊಂಡರೆ, ಒಟ್ಟು 300 ಗ್ರಾಂ ಪೊಟ್ಯಾಸಿಯಂ ಆಯಿತು. ಅದರಲ್ಲಿ ಕೇವಲ ನೂರನೇ ಒಂದು ಭಾಗ, ಅಂದರೆ 3 ಗ್ರಾಂ ಸೋರಿ ಇಂಧನದಲ್ಲಿ ಉಳಿದರೂ, ಕಿಲೋ ಒಂದಕ್ಕೆ 30 ಮಿಲಿಗ್ರಾಂ ಆಗಿ ಮಿತಿಯ ಆರು ಪಟ್ಟಾಗುತ್ತದೆ. ಸೋರಿದುದರಲ್ಲಿ ಬಹುಪಾಲು ಗ್ಲಿಸರಿನ್ ಪದರಕ್ಕೆ ಇಳಿಯುವುದು ನಿಜ. ಆದರೂ ಅಂತಹ ಇಂಧನವನ್ನು ತೊಳೆಯದೆ ಮಾರಲಾಗದು. ನೀರೇ ಬೇಡ ಎಂಬ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ನೀರು ಕಡಿಮೆ ಸಾಕು ಎನ್ನುವುದು ಸರಿಯಾದೀತು.

ಆದುದರಿಂದ ಕ್ರಿಯಾವರ್ಧಕ ಪೂರೈಸುವವರಿಂದ ಎರಡು ದಾಖಲೆಗಳನ್ನು ಬರಹದಲ್ಲಿ ಕೇಳಿ ಪಡೆಯುವುದು ಸೂಕ್ತ. ಒಂದು, ಅದೇ ಪುಡಿಯನ್ನು ಮರುಬಳಸಿದಾಗ ಪ್ರತಿ ಬಾರಿಯೂ ದೊರೆತ ಇಳುವರಿಯ ಅಂಕಿಗಳು. ಇನ್ನೊಂದು, ಬಿಸಿ ಸೋಸುವಿಕೆಯ ಪರೀಕ್ಷೆಯ ಫಲಿತಾಂಶ. ಈ ಪರೀಕ್ಷೆಯಲ್ಲಿ ಕ್ರಿಯೆ ಅರ್ಧ ನಡೆದಾಗ ಬಿಸಿಯಿರುವಂತೆಯೇ ಪುಡಿಯನ್ನು ಸೋಸಿ ತೆಗೆದು, ಉಳಿದ ದ್ರವವನ್ನು ಮತ್ತೆ ಕಾಯಿಸಿ ಕಲಕಲಾಗುತ್ತದೆ. ಪುಡಿಯಿಲ್ಲದೆಯೂ ಕ್ರಿಯೆ ಮುಂದುವರಿದರೆ ಸೋರಿಕೆ ಇದೆಯೆಂದೇ ಅರ್ಥ. ಹೊಂಗೆ ಎಣ್ಣೆಯ ಮೇಲೆ ಮಾಡಿದ ಪರೀಕ್ಷೆಯೇ ಬೇಕು. ಶುದ್ಧೀಕರಿಸಿದ ಸೂರ್ಯಕಾಂತಿ ಅಥವಾ ತಾಳೆ ಎಣ್ಣೆಯ ಫಲಿತಾಂಶ ಗಾಣದ ಹೊಂಗೆ ಎಣ್ಣೆಗೆ ಅನ್ವಯಿಸುವುದಿಲ್ಲ.

ಬೀಜದಿಂದಲೇ ನಿರ್ಧಾರವಾಗುವ ವಿಷಯ

ಯಾವ ಕ್ರಿಯಾವರ್ಧಕ ಕೊಂಡರೂ ಅದರ ಬಾಳಿಕೆಯು ಕೊನೆಗೆ ಎಣ್ಣೆಯ ಆಮ್ಲಮೌಲ್ಯವನ್ನು ಅವಲಂಬಿಸಿದೆ. ಆಮ್ಲಮೌಲ್ಯವು ರೈತರ ಕಣದಲ್ಲಿ ಮತ್ತು ಗೋದಾಮಿನಲ್ಲಿ ನಿರ್ಧಾರವಾಗುತ್ತದೆ. ಹೊಂಗೆ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲವು ಶೇಕಡಾ 2-3ರಿಂದ ಹಿಡಿದು ಶೇಕಡಾ 20ರವರೆಗೂ ಕಂಡುಬಂದಿದೆ. ಮರ ಒಂದೇ ಜಾತಿಯದು. ವ್ಯತ್ಯಾಸಕ್ಕೆ ಮುಖ್ಯ ಕಾರಣ ಬೀಜವನ್ನು ಇಟ್ಟ ರೀತಿ.

ಹೊಂಗೆಯ ಕಾಯಿಗಳು ಬೇಸಿಗೆಯಲ್ಲಿ ಬಲಿಯುತ್ತವೆ. ಮುಂಗಾರು ಹಾನಗಲ್ಲದ ಕಡೆ ಬೇಗನೆ ಹಿಡಿದುಕೊಳ್ಳುವುದರಿಂದ, ನೆಲಕ್ಕೆ ಬಿದ್ದ ಕಾಯಿ ಮೊದಲ ಮಳೆಗೆ ನೆನೆದರೆ ಅಲ್ಲಿಂದಲೇ ಹುಳಿಯುವಿಕೆ ಆರಂಭವಾಗುತ್ತದೆ. ಕಾಯಿಗಳನ್ನು ಮಳೆಗೆ ಮೊದಲು ಆರಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸಾಧ್ಯವಾದಷ್ಟು ಕಾಲ ಸಿಪ್ಪೆಸಹಿತವಾಗಿಯೇ ಗೋಣಿಚೀಲದಲ್ಲಿ ಇಡಬೇಕು. ಬೀಜವನ್ನು ಬಿಡಿಸಿದ ಮೇಲೆ ತಡಮಾಡದೆ ಗಾಣಕ್ಕೆ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಬೀಜ ಬೆವತು ಬೂಷ್ಟು ಹಿಡಿಯುತ್ತದೆ. ಸಾಮಾನ್ಯ ಗಿರಣಿಯಲ್ಲಿ 1 ಕಿಲೋ ಎಣ್ಣೆ ತೆಗೆಯಲು ಸುಮಾರು 4 ಕಿಲೋ ಬೀಜ ಬೇಕಾಗುತ್ತದೆ. ಉಳಿದ ಹಿಂಡಿ ಉತ್ತಮ ಗೊಬ್ಬರ. ಅದರಲ್ಲಿ ಕರಂಜಿನ್ ಮುಂತಾದ ಕಹಿ ಪದಾರ್ಥಗಳಿರುವುದರಿಂದ ದನಗಳಿಗೆ ತಿನ್ನಿಸಬಾರದು.

ಆಮ್ಲಮೌಲ್ಯವನ್ನು ತಿಳಿಯಲು ದುಬಾರಿ ಯಂತ್ರ ಬೇಕಾಗಿಲ್ಲ. ವಿಜ್ಞಾನ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯದ ಸಾಮಗ್ರಿಗಳೇ ಸಾಕು. 10 ಗ್ರಾಂ ಎಣ್ಣೆಯನ್ನು ಮದ್ಯಸಾರದಲ್ಲಿ ಬೆರೆಸಿ, ಫಿನಾಲ್ಫ್ಥಲೀನ್ ಸೂಚಕ ಹಾಕಿ, 0.1 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತೆಳು ಗುಲಾಬಿ ಬಣ್ಣ ನಿಲ್ಲುವವರೆಗೆ ಹನಿಹನಿಯಾಗಿ ಬಿಡಬೇಕು. ಬಳಕೆಯಾದ ಪ್ರತಿ ಮಿಲಿಲೀಟರಿಗೆ 0.56ರಂತೆ ಲೆಕ್ಕ ಹಾಕಿದರೆ ಆಮ್ಲಮೌಲ್ಯ ದೊರೆಯುತ್ತದೆ. ಅದರ ಅರ್ಧವೇ ಸರಿಸುಮಾರು ಮುಕ್ತ ಕೊಬ್ಬಿನಾಮ್ಲದ ಶೇಕಡಾವಾರು. 4 ಮಿಲಿಲೀಟರ್ ಒಳಗೆ ಮುಗಿದರೆ ಎಣ್ಣೆಯು ಒಂದೇ ಹಂತದ ಕ್ರಿಯೆಗೆ ಹೆಚ್ಚುಕಡಿಮೆ ಯೋಗ್ಯ. 20 ಮಿಲಿಲೀಟರ್ ಹಿಡಿದರೆ ಮುಕ್ತ ಆಮ್ಲ ಶೇಕಡಾ 5ಕ್ಕೂ ಮೀರಿದೆ, ಎರಡು ಹಂತಗಳ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೀಜ ಕೊಳ್ಳುವವರು ಈ ಅಂಕಿಯ ಆಧಾರದ ಮೇಲೆ ದರ ನಿಗದಿಪಡಿಸಿದರೆ, ಚೆನ್ನಾಗಿ ಒಣಗಿಸಿ ತಂದವರಿಗೂ ಒದ್ದೆ ಬೀಜ ತಂದವರಿಗೂ ಒಂದೇ ಬೆಲೆ ಎಂಬ ಅನ್ಯಾಯ ತಪ್ಪುತ್ತದೆ.

ಹೊಂಗೆಯ ಹೊರತಾಗಿ ಕರಿದು ಉಳಿದ ಅಡುಗೆ ಎಣ್ಣೆಯೂ ಒಂದು ಮೂಲ. ಸವಣೂರಿನ ಖಾರ ಹೆಸರುವಾಸಿ. ಪಟ್ಟಣಗಳಲ್ಲೆಲ್ಲ ಮಿರ್ಚಿ-ಭಜಿ ಅಂಗಡಿಗಳಿವೆ. ಧ್ರುವೀಯ ಸಂಯುಕ್ತಗಳು ಶೇಕಡಾ 25 ಮೀರಿದ ಎಣ್ಣೆಯನ್ನು ಆಹಾರಕ್ಕೆ ಬಳಸುವುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರ ಜುಲೈ 1ರಿಂದ ನಿರ್ಬಂಧಿಸಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆ ಇಡಬೇಕು. ಇಂತಹ ಎಣ್ಣೆಯನ್ನು ಜೈವಿಕ ಡೀಸೆಲ್ ತಯಾರಕರಿಗೆ ತಲುಪಿಸುವ ಕಾರ್ಯಕ್ರಮವನ್ನು ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಆರಂಭಿಸಿತು. ಕರಿದ ಎಣ್ಣೆಯಲ್ಲಿ ನೀರು, ಉಪ್ಪು ಮತ್ತು ಹಿಟ್ಟಿನ ಚೂರುಗಳಿರುವುದರಿಂದ ಸೋಸಿ, ಕಾಯಿಸಿ ನೀರಿನಂಶ ತೆಗೆಯದೆ ಜೇಡಿಯ ಸಂಪರ್ಕಕ್ಕೆ ತರಬಾರದು. ರಂಧ್ರಗಳು ಒಂದೇ ಬಾರಿಗೆ ಮುಚ್ಚಿಹೋಗುತ್ತವೆ.

ಘಟಕ ಸ್ಥಾಪಿಸುವವರು ಪಡೆಯಬೇಕಾದ ಅನುಮತಿಗಳು

ಘಟಕ ನಿರ್ಮಾಣಕ್ಕೆ ಮೊದಲು ಮತ್ತು ಉತ್ಪಾದನೆ ಆರಂಭಕ್ಕೆ ಮೊದಲು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಪಡೆಯಬೇಕು. ಘನ ಕ್ರಿಯಾವರ್ಧಕ ಬಳಸುವುದರಿಂದ ಈ ಸಮ್ಮತಿಯಿಂದ ವಿನಾಯಿತಿ ದೊರೆಯುವುದಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮವಾಗಿ ಉದ್ಯಮ್ ನೋಂದಣಿ ಮತ್ತು ಸಾಲ ಸೌಲಭ್ಯಗಳ ಬಗ್ಗೆ ಹಾವೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ತಯಾರಿಸಿದ ಇಂಧನವನ್ನು ವಾಹನಗಳಿಗಾಗಿ ಮಾರುವುದಿದ್ದಲ್ಲಿ ಕೇಂದ್ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವಾಲಯವು 2019ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಅನ್ವಯಿಸುತ್ತವೆ, ಐ.ಎಸ್. 15607 ಮಾನಕಕ್ಕೆ ಅನುಗುಣವಾಗಿಲ್ಲದ ಇಂಧನವನ್ನು ಮಾರುವಂತಿಲ್ಲ. ಸದರಿ ಮಾನಕದ ಪ್ರಕಾರ ಎಸ್ಟರ್ ಅಂಶ ಕನಿಷ್ಠ ಶೇಕಡಾ 96.5, ಆಮ್ಲಮೌಲ್ಯ ಗರಿಷ್ಠ 0.50, ನೀರು ಕಿಲೋಗೆ ಗರಿಷ್ಠ 500 ಮಿಲಿಗ್ರಾಂ ಮತ್ತು ಮೆಥನಾಲ್ ಗರಿಷ್ಠ ಶೇಕಡಾ 0.20 ಇರಬೇಕು.

ಮೆಥನಾಲ್ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಇದು ನೋಡಲು ಮತ್ತು ವಾಸನೆಗೆ ಕುಡಿಯುವ ಮದ್ಯಸಾರದಂತೆಯೇ ಇರುತ್ತದೆ. ಸೇವಿಸಿದವರು ಕುರುಡಾಗುತ್ತಾರೆ ಅಥವಾ ಸಾಯುತ್ತಾರೆ. ಇದರ ಸಂಗ್ರಹ ಮತ್ತು ಮಾರಾಟ 1919ರ ವಿಷ ಪದಾರ್ಥಗಳ ಕಾಯ್ದೆ ಮತ್ತು ಅದರಡಿಯ ರಾಜ್ಯ ನಿಯಮಗಳ ನಿಯಂತ್ರಣಕ್ಕೆ ಒಳಪಟ್ಟಿದೆ. 64.7 ಡಿಗ್ರಿ ಉಷ್ಣತೆಯಲ್ಲಿಯೇ ಕುದಿಯುವ ಇದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣಿಸುವುದಿಲ್ಲ. ವಾಸದ ಮನೆಯಲ್ಲಿ, ಹಿತ್ತಿಲಿನಲ್ಲಿ ಅಥವಾ ತೆರೆದ ಒಲೆಯ ಮೇಲೆ ಜೈವಿಕ ಡೀಸೆಲ್ ತಯಾರಿಸುವ ಪ್ರಯತ್ನ ಮಾಡಬಾರದು. ಘನ ಕ್ರಿಯಾವರ್ಧಕದ ವಿಧಾನದಲ್ಲಿ ಮೆಥನಾಲ್ ಹೆಚ್ಚು ಬೇಕಾಗುವುದರಿಂದ ಅಪಾಯವೂ ಅಷ್ಟೇ ಹೆಚ್ಚು. ಸಂಗ್ರಹ ಪರವಾನಗಿಯ ವಿವರಗಳನ್ನು ಜಿಲ್ಲಾಡಳಿತದಿಂದಲೂ ಸುರಕ್ಷತಾ ಕ್ರಮಗಳ ವಿವರಗಳನ್ನು ಅಗ್ನಿಶಾಮಕ ಇಲಾಖೆಯಿಂದಲೂ ಪಡೆಯತಕ್ಕದ್ದು.

ಹಿರೇಕೆರೂರು ತಾಲ್ಲೂಕಿನಿಂದ ಪ್ರತ್ಯೇಕಗೊಂಡ ರಟ್ಟೀಹಳ್ಳಿ ತಾಲ್ಲೂಕಿನ ಗ್ರಾಮಗಳ ನಿವಾಸಿಗಳು ತಮ್ಮ ಅರ್ಜಿಯಲ್ಲಿ ಪ್ರಸ್ತುತ ತಾಲ್ಲೂಕಿನ ಹೆಸರನ್ನೇ ನಮೂದಿಸಬೇಕು. ಬೀಜ ಸಂಗ್ರಹಣೆ ಮತ್ತು ಮರಗಳ ಪೋಷಣೆಗೆ ಸಂಬಂಧಿಸಿದ ತಾಂತ್ರಿಕ ಸಲಹೆಗಾಗಿ ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಬಳಸಿ ಉಳಿದ ಜೇಡಿಯ ವಿಲೇವಾರಿ

ಶಕ್ತಿ ಕುಂದಿದ ಜೇಡಿಯನ್ನು ಮೆಥನಾಲ್‌ನಿಂದ ತೊಳೆದು ಮತ್ತೆ ಕುಲುಮೆಯಲ್ಲಿ ಸುಟ್ಟರೆ ಕೆಲವು ಬಾರಿ ಪುನಶ್ಚೇತನಗೊಳಿಸಬಹುದು. ಆನಂತರ ಅದನ್ನು ಹೊರಹಾಕಲೇಬೇಕಾಗುತ್ತದೆ. ಎಣ್ಣೆ ಹೀರಿದ ಜೇಡಿಯನ್ನು ರಾಶಿ ಹಾಕಿದರೆ, ಅದರ ದೊಡ್ಡ ಮೇಲ್ಮೈಯಲ್ಲಿ ಎಣ್ಣೆಯು ಗಾಳಿಯೊಂದಿಗೆ ಕ್ರಿಯೆಗೊಂಡು ಒಳಗೇ ಬಿಸಿಯೇರಿ, ಕಿಡಿ ತಾಗದಿದ್ದರೂ ತಾನಾಗಿಯೇ ಹೊತ್ತಿಕೊಳ್ಳುವ ಸಂಭವವಿದೆ. ಖಾದ್ಯ ತೈಲ ಕಾರ್ಖಾನೆಗಳಲ್ಲಿ ಬಣ್ಣ ತೆಗೆದು ಉಳಿದ ಜೇಡಿಗೆ ಈ ಗುಣವಿರುವುದು ಬಹುಕಾಲದಿಂದ ತಿಳಿದಿದೆ. ಅಂತಹ ಜೇಡಿಯನ್ನು ನೀರಿನಿಂದ ತೇವಗೊಳಿಸಿ, ಮುಚ್ಚಳವುಳ್ಳ ಲೋಹದ ಪೀಪಾಯಿಯಲ್ಲಿ, ಬೀಜದ ಗೋದಾಮು ಮತ್ತು ಮೆಥನಾಲ್ ಸಂಗ್ರಹದಿಂದ ದೂರವಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಸೂಚಿಸಿದ ರೀತಿಯಲ್ಲಿ ವಿಲೇವಾರಿ ಮಾಡತಕ್ಕದ್ದು. ಪೊಟ್ಯಾಷ್ ಇದೆ ಎಂಬ ಕಾರಣಕ್ಕೆ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹರಡಬಾರದು. ಪೊಟ್ಯಾಸಿಯಂ ಫ್ಲೋರೈಡ್‌ನಿಂದ ಸಿದ್ಧಪಡಿಸಿದ ಜೇಡಿಯಾಗಿದ್ದರೆ ಅದರ ಫ್ಲೋರೈಡ್ ಮಣ್ಣಿನ ಮೂಲಕ ಬಾವಿಯ ನೀರನ್ನು ಸೇರುತ್ತದೆ.